ಹೊಡೆದುಹಾಕಿದ ನಂಬರು

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಸ್ಕೂಟರಿಗೆ ಒರಗಿ ದೀಪಿಕ ಕಾಯುತ್ತಿದ್ದಳು. ಮೂರು ವಾರದ ಮೇಲೆ ಅವಳನ್ನು ನೋಡುತ್ತಿದ್ದೆ. ಒಂದು ಸಲ ನಗಬಹುದು ಅಂತ ಮಳವಳ್ಳಿಯಿಂದ ದಾರಿಯುದ್ದಕ್ಕೂ ಆಸೆಪಟ್ಟಿದ್ದೆ. ಮಾಡಿದ ಕೆಲಸಕ್ಕೆ ಆ ಆಸೆಯೇ ಹೆಚ್ಚು.

"ಸೋಮವಾರ ನಾಲೆ ಸಂಘದವ್ರು ಆ್ಯಪ್ ನೋಡಕ್ ಬತ್ತಾರೆ ಯತೀಶ," ಅಂದಳು. "ಏನ್ ತೋರಿಸ್ಲಿ? ನಿನ್ ಮುಖಾನಾ?"

ನಾನು ಆ ಮುಖವನ್ನು ತಗ್ಗಿಸಿಕೊಂಡೆ.

ಯಾವ ತೂಬಿಗೆ ಯಾವತ್ತು ನೀರು ಬರುತ್ತದೆ ಅಂತ ರೈತರ ಫೋನಿಗೆ ತಿಳಿಸುವ ಆ್ಯಪ್ ಅದು. ಮಂಡ್ಯದ ಕಾಲೇಜಿನಲ್ಲಿ ಓದುವಾಗಿನಿಂದ ಇಬ್ಬರೂ ಸೇರಿ ಮಾಡುತ್ತಿದ್ದೆವು. ಮೂರು ವಾರದ ಹಿಂದೆ ನನ್ನ ಒಂದು ಲೆಕ್ಕ ತಪ್ಪು ಅಂತ ಅವಳು ಗೆಳೆಯರ ಮುಂದೆ ಹೇಳಿಬಿಟ್ಟಳು. ತಪ್ಪೇ ಆಗಿತ್ತು, ಅದಕ್ಕೇ ಸಿಟ್ಟು ನೆತ್ತಿಗೇರಿತು. ಮಾತು ಬಿಟ್ಟೆ. ಪ್ರಾಜೆಕ್ಟಿನ ಕಡೆಗೂ ತಿರುಗಿ ನೋಡಲಿಲ್ಲ. ನಿನ್ನೆ ಲೆಕ್ಕ ಸರಿಮಾಡಿ ನನ್ನ ಹಳೇ ಕಾಪಿಯನ್ನು ಸರ್ವರ್‌ಗೆ ಕಳಿಸಿದಾಗ ಅದು ಬೇಡ ಅಂತು. ಬೇಡ ಅಂದರೆ ಕೇಳುವ ಜಾಯಮಾನವೇ ನನ್ನದಲ್ಲ. ಅಲ್ಲಿರುವುದನ್ನು ತಳ್ಳಿ ನನ್ನದನ್ನೇ ಕೂರಿಸುವ ಫೋರ್ಸ್ ಪುಶ್ ಮಾಡಿದೆ. ಮೂರು ವಾರ ಅವಳು ಒಬ್ಬಳೇ ಕೂತು ಮಾಡಿ, ದಿನದಿನವೂ ಒಂದೊಂದು ನಂಬರಿನೊಡನೆ ಉಳಿಸಿದ ಕಮಿಟ್‌ಗಳೆಲ್ಲ ಒಂದೇ ಏಟಿಗೆ ಮಾಯವಾದವು.

"ನಿನ್ ಲ್ಯಾಪ್‌ಟಾಪಲ್ಲಿ ಇರ್ಬೇಕಲ್ಲ?"

"ಗುರುವಾರ ಹಾರ್ಡ್‌ಡಿಸ್ಕ್ ಹೋಯ್ತು. ಸರ್ವರ್‌ನಲ್ಲಿ ಅದೆಯಲ್ಲ ಅಂತ ಧೈರ್ಯವಾಗಿದ್ದೆ. ನೀನೊಬ್ಬ ಇದ್ದೀಯ ಅನ್ನೋದು ಮರ್ತಿದ್ದೆ."

ಈ ಸಲ ಇವಳನ್ನು ಕಳೆದುಕೊಂಡೆ ಅನ್ನಿಸಿತು.

"ಪೂರ್ತಿ ಹೋಗಿಲ್ಲ ಕಣೆ," ಅಂದೆ. "ಮನೆ ಹಾಗೇ ಇದೆ, ಮನೆಗೆ ಹೋಗೋ ದಾರೀನ ನಾನು ಉತ್ತು ಹಾಕಿದ್ದೀನಿ. ಕಮಿಟ್ ನಂಬರ್ ಗೊತ್ತಿದ್ರೆ ಸರ್ವರ್ ತೆಗೆದುಕೊಡ್ತದೆ. ಬಹಳ ದಿನ ಬಿಟ್ರೆ ಅದೇ ಗುಡಿಸಿ ಹಾಕ್ತದೆ. ಆ ನಂಬರ್ ಯಾರಿಗೆ ನೆನಪಿರ್ತದೆ?"

ಅವಳು ಯಾಕೋ ಬಹಳ ಹೊತ್ತು ಯೋಚಿಸಿದಳು. ಆಮೇಲೆ, "ಗಾಡಿ ಹತ್ತು," ಅಂದಳು.

ಅವಳ ಊರು ವೈದ್ಯನಾಥಪುರದ ದಾರಿಯಲ್ಲಿ ಸ್ಕೂಟರಿನ ಕನ್ನಡಿಯೊಳಗೆ ಅವಳ ಕಣ್ಣು ಎರಡು ಸಲ ನನ್ನ ಮೇಲೆ ಬಿತ್ತು. ಎರಡನೇ ಸಲ ನಾನೂ ನೋಡುತ್ತಿದ್ದೆ. ಕನ್ನಡಿಯನ್ನೇ ಆಚೆ ತಿರುಗಿಸಿಬಿಟ್ಟಳು.

ಅವಳ ಅಪ್ಪ ಚಲುವರಾಜು ನೀರುಗಂಟಿ. ನಾಲೆಯ ತೂಬು ತೆಗೆದು ಮುಚ್ಚುವವರು. ದಿನಾ ಸಂಜೆ ನೀರು ಎಷ್ಟು ಅಡಿ ಇತ್ತು ಅಂತ ನಡುಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಮಗಳು ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ ಅಂದಾಗ, ಇವತ್ತು ಏನು ಮಾಡಿದೆ ಅಂತ ನೀನೂ ಬರೆ ಅಂದಿದ್ದರಂತೆ. ಪ್ರತಿ ತಾರೀಕಿನಲ್ಲೂ ಅಪ್ಪನ ಅಡಿ ಲೆಕ್ಕದ ಕೆಳಗೆ ಮಗಳ ಕಮಿಟ್ ನಂಬರು, ಅಂಕಿ ಬೆರೆತ ಅದರ ಮೊದಲ ಏಳು ಅಕ್ಷರ, ಪುಟ್ಟದಾಗಿ ಕೂತಿತ್ತು.

"ಈ ಅಪ್ಪಯ್ಯನೇ ಏನೋ ಅಳ್ಸಿರೋದು?" ಅಂತ ಚಲುವರಾಜು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಳ್ಸಾಕೆ ಓದ್ಬೇಕೇನ್ಲಾ?"

ನಾನು ಚೀಲದಿಂದ ನನ್ನ ಲ್ಯಾಪ್‌ಟಾಪ್ ತೆಗೆದು ಕ್ಯಾಲೆಂಡರಿನ ಕೆಳಗೆ ಕೂತೆ.

ಬುಧವಾರದ ನಂಬರಿನ ಮೇಲೆ ಎಣ್ಣೆ ಕೈ ತಾಗಿತ್ತು. ಒಂದು ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಮೂರು ಹಾಕಿದೆ. ಸರ್ವರ್ ಅಂಥದ್ದೇನೂ ಇಲ್ಲ ಅಂತು. ದೀಪಿಕ ಉಸಿರು ಬಿಗಿಹಿಡಿದಳು. ಎಂಟು ಹಾಕಿದೆ. ಪುಟ ತೆರೆದುಕೊಂಡಿತು, ಅದರ ಹಿಂದೆ ಮೂರು ವಾರದ ಕೆಲಸವೂ ಸಾಲಾಗಿ ಬಂತು. ಮತ್ತೆ ಕಳೆಯದಂತೆ ಅದಕ್ಕೊಂದು ಹೊಸ ಬ್ರ್ಯಾಂಚ್ ಕಟ್ಟಿದೆ.

"ಸಿಕ್ತು," ಅಂದೆ.

"ಸಿಕ್ತು," ಅಂತ ಅವಳೂ ಮೆಲ್ಲಗೆ ಹೇಳಿದಳು. ನಗಲಿಲ್ಲ.

ಚಲುವರಾಜು ಕ್ಯಾಲೆಂಡರನ್ನೇ ನೋಡುತ್ತಿದ್ದರು. "ಅನ್ನೊಂದ್ನೇ ತಾರೀಕ್ನಲ್ಲಿ ಎರಡ್ ನಂಬ್ರ ಅವೆಯಲ್ಲ. ಒಂದ್ನ ಒಡ್ದಾಕವ್ಳೆ. ಅದ್ನೂ ತಗಿ, ಒಂದಿನದ್ದೂ ಬುಡ್ಬ್ಯಾಡ."

"ಅದು ಬ್ಯಾಡ ಅಪ್ಪ," ಅಂದಳು ದೀಪಿಕ, ಗಾಬರಿಯಲ್ಲಿ.

ಅಷ್ಟರಲ್ಲಿ ನಾನು ಏಳೂ ಅಕ್ಷರ ಒತ್ತಿಯಾಗಿತ್ತು. ಪುಟ ತೆರೆಯಿತು. ಕಮಿಟ್ ಜೊತೆಗೆ ಬರೆದ ಸಾಲುಗಳನ್ನು ಎರಡು ಸಲ ಓದಿಕೊಂಡೆ. ಆ ದಿನದ ಎರಡು ಕಮಿಟ್‌ಗಳ ಹೊತ್ತು ನೋಡಿದರೆ, ಬರೆದು, ಒಂದು ಗಂಟೆ ಕಾದು, ಅವಳೇ ಅದನ್ನು ಅಳಿಸಿ ಬೇರೆ ಹಾಕಿದ್ದಳು.

"ಏನ್ಲಾ ಬರ್ದದೆ? ನಂಗೆ ಕನ್ನಡ್ಕ ಇಲ್ಲ, ಜೋರಾಗ್ ಓದು."

ದೀಪಿಕಳ ಕಡೆ ನೋಡಿದೆ. ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಏನೋ ಒಂದು ಸುಳ್ಳು ಹೇಳಬಹುದಿತ್ತು. ಅವಳು ಬರೆದದ್ದನ್ನು ಒಂದು ಸಲ ಅಳಿಸಿದ್ದೇ ಸಾಕಾಗಿತ್ತು, ಇನ್ನೊಂದು ಸಲ ಅಳಿಸಲು ಬಾಯಿ ಬರಲಿಲ್ಲ.

"ತೂಬಿನ ಲೆಕ್ಕ ಸರಿಯಾಯಿತು," ಅಂತ ಓದಿದೆ. "ಮೊದಲು ಯತೀಶನಿಗೆ ತೋರಿಸಬೇಕಿತ್ತು. ಅವನಿಲ್ಲದೆ ಇದರಲ್ಲಿ ಖುಷಿಯೇ ಇಲ್ಲ. ಇವತ್ತಾದರೂ ಫೋನ್ ಮಾಡು ಕಣೋ."

ಚಲುವರಾಜು ಕ್ಯಾಲೆಂಡರಿನಿಂದ ನನ್ನ ಕಡೆ ತಿರುಗಿದರು.

"ಮಾಡ್ದಾ?"

"ಏನು ಅಂಕಲ್?"

"ಫೋನು."

"ಇಲ್ಲ. ನಾನು ಓದೇ ಇರ್ಲಿಲ್ಲ."

"ಈಗ ಓದ್ದಲ್ಲ," ಅಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ತೂಬ್ ತಾವ್ ಓಯ್ತೀನಿ ಕಣವ್ವ," ಅಂತ ಮಗಳಿಗೆ ಹೇಳಿ ಹೊರಟುಹೋದರು.

ನಾನು ಫೋನ್ ತೆಗೆದು ಅವಳ ಹೆಸರು ಒತ್ತಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಅವಳ ಕೈಯಲ್ಲೇ ಫೋನ್ ಹೊಡೆದುಕೊಳ್ಳತೊಡಗಿತು. ಕಣ್ಣು ತೆರೆದು, ನನ್ನನ್ನೇ ನೋಡುತ್ತಾ, ಅದನ್ನು ಹೊಡೆದುಕೊಳ್ಳಲು ಬಿಟ್ಟಳು. ಕಟ್ಟಾಗುವ ಹೊತ್ತಿಗೆ ಕಿವಿಗಿಟ್ಟುಕೊಂಡಳು.

"ಹೇಳು."

"ನೀನಿಲ್ದೆ ನನ್ ಕೈಲಿ ಆಗ್ತಿಲ್ಲ ದೀಪಿಕ."

"ಸಿಗ್ನಲ್ ಸರಿಯಿಲ್ಲ," ಅಂದಳು ನಾಲ್ಕು ಅಡಿ ದೂರದಿಂದ. ಕಣ್ಣಲ್ಲಿ ನೀರಿತ್ತು, ತುಟಿಯ ತುದಿಯಲ್ಲಿ ನಗು. "ಜೋರಾಗ್ ಹೇಳು."

ಇನ್ನೊಂದು ಸಲ ಹೇಳಿದೆ, ಬೀದಿಗೆ ಕೇಳುವಷ್ಟು ಜೋರಾಗಿ.