ಪೆನ್ಸಿಲ್ ನಂಬರಿನ ಚೀಟಿಗಳು

ಕಿವಿಯ ಹಿಂದೆ ತಣ್ಣಗೆ ಏನೋ ತಾಗಿತು.

ಕೈಪಂಪಿನ ನೀರಲ್ಲ... ಪಿಸ್ತೂಲು!

“ಮುಖ ತೊಳ್ಕೊಂಡಿದ್ದಾಯ್ತಾ, ಫೆರ್ಮಿನಣ್ಣ?”

ದನಿ ಗುರುತಿತ್ತು. ಗೊರ್ಯೊ. ನಮ್ಮ ಪ್ರಾಂತ್ಯದ ಗವರ್ನರ್ ವಿಲ್ಯಾರೋಯಾ ಅವರ ಬಲಗೈ. ಎಂಟು ವರ್ಷದಿಂದ ಅವರ ಬಂಗಲೆಯಲ್ಲೇ ಊಟ, ಅವರ ಜೀಪಿನಲ್ಲೇ ಓಡಾಟ.

“ಇನ್ನೂ ಕತ್ತು ತೊಳ್ಕೊಂಡಿಲ್ಲ” ಎಂದೆ.

“ಅದನ್ನ ನಾನು ತೊಳೀತೀನಿ. ಎಲ್ಲಿ ಪಟ್ಟಿ?”

ಮಟಮಟ ಮಧ್ಯಾಹ್ನ. ಕಾಲುವೆಯ ಏರಿಯ ಮೇಲೆ ನಾನು, ಅವನು, ನೂರಾರು ಬಾತುಕೋಳಿ. ಬಾತುಕೋಳಿಗಳು ಸಾಕ್ಷಿ ಹೇಳುವುದಿಲ್ಲ.

ನೋಡಿ, ನಾನು ಈಗ ಪೊಲೀಸ್ ಅಲ್ಲ. ಹನ್ನೊಂದು ವರ್ಷ ಆ ಖಾಕಿ ಹಾಕಿ ಬಿಚ್ಚಿಟ್ಟವನು. ಈಗ ಮನಿಲಾದ ಒಂದು ಸರ್ವೆ ಕಂಪನಿಗೆ ತನಿಖೆಯವನು. ಹುಡುಗಿಯರು ಮನೆ ಮನೆಗೆ ಹೋಗಿ ಜನರ ಅಭಿಪ್ರಾಯ ಕೇಳುತ್ತಾರೆ. ಅವರು ನಿಜವಾಗಿ ಆ ಮನೆಗೆ ಹೋದರೋ, ಮರದ ಕೆಳಗೆ ಕೂತು ತಾವೇ ತುಂಬಿದರೋ ಎಂದು ಮಾರನೆಯ ದಿನ ಹಿಂದೆಯೇ ಹೋಗಿ ಕೇಳುವವನು ನಾನು.

ಈ ಸಲದ ಪ್ರಶ್ನೆ ಒಂದೇ. ‘ಆ ಘಟನೆಯ ನಂತರವೂ ಗವರ್ನರ್ ಮೇಲೆ ನಿಮಗೆ ವಿಶ್ವಾಸ ಇದೆಯೇ?’

ಆ ಘಟನೆ ಎಂದರೆ... ಏಟು!

ಪ್ರವಾಹ ಇಳಿದ ಮೇಲೆ ಈ ಹಳ್ಳಿಯಲ್ಲಿ ಪರಿಹಾರದ ಅಕ್ಕಿ ಹಂಚಿದರು. ಎಪ್ಪತ್ತೆಂಟು ವರ್ಷದ ಪೊಲ್ದೊ ತಾತ ತನಗೆ ಸಿಕ್ಕ ಚೀಲದಿಂದ ಒಂದು ಹಿಡಿ ತೆಗೆದು ಗವರ್ನರ್ ಮುಂದೆ ಅಂಗೈ ಬಿಚ್ಚಿದ. ಅಕ್ಕಿಗಿಂತ ಹುಳವೇ ಚುರುಕಾಗಿತ್ತು. “ಸ್ವಾಮಿ, ಇದನ್ನ ನಿಮ್ಮನೆ ಹಂದಿ ತಿನ್ನುತ್ತಾ?” ಎಂದು ಕೇಳಿದ. ಗವರ್ನರ್ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದರು. ತಾತನ ಹುಲ್ಲಿನ ಟೋಪಿ ಕೆಸರಿಗೆ ಬಿತ್ತು.

ನಮ್ಮಲ್ಲಿ ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತೇವೆ. ಎಂಥ ಕಳ್ಳನೂ ಒತ್ತಿಕೊಳ್ಳುತ್ತಾನೆ.

ಯಾರೋ ಫೋನಿನಲ್ಲಿ ವಿಡಿಯೊ ತೆಗೆದರು. ದೇಶವೆಲ್ಲ ನೋಡಿತು. ತೆಗೆದವನ ಬಲ ಮಣಿಕಟ್ಟು ಮಾರನೆಯ ವಾರ ಎರಡು ಕಡೆ ಮುರಿದಿತ್ತು. ಪೊಲ್ದೊ ತಾತ ಮೂರು ವಾರ ಮಾತಿಲ್ಲದೆ ಕೂತಿದ್ದು, ಮೊನ್ನೆ ತೀರಿಕೊಂಡ. ಗವರ್ನರ್ ಟಿವಿಯಲ್ಲಿ ನಗುತ್ತ ಹೇಳಿದರು, “ನನ್ನ ಜನ ನನ್ನನ್ನು ಈಗಲೂ ಪ್ರೀತಿಸುತ್ತಾರೆ!”

ಬಾಯಿ ಬಿಟ್ಟು ಕೇಳಿದರೆ ಹಳ್ಳಿಯಲ್ಲಿ ಎಲ್ಲರೂ ಹೌದು ಹೌದು ಎಂದೇ ಅನ್ನುತ್ತಿದ್ದರು. ಅದಕ್ಕೇ ಚೀಟಿ. ಮೂವತ್ತು ಮನೆ, ಮೂವತ್ತು ಚೀಟಿ. ಮನೆಯವರು ಒಳಗೆ ಹೋಗಿ ಗುರುತು ಹಾಕಿ, ಮಡಿಸಿ, ಬಟ್ಟೆ ಚೀಲಕ್ಕೆ ಹಾಕಬೇಕು. “ನೀವು ಏನು ಹಾಕಿದಿರಿ ಅನ್ನೋದು ನಮಗೂ ಗೊತ್ತಾಗಲ್ಲ” ಎಂದು ಹೇಳಬೇಕು. ಆ ಮಾತನ್ನು ನಮ್ಮ ಹೊಸ ಹುಡುಗಿ ಎಡ್ಲಿನ್‌ಗೆ ಕಲಿಸಿದವನು ನಾನೇ.

ಗೊರ್ಯೊ ನನ್ನ ಚೀಲದಿಂದ ಪಟ್ಟಿ ಎಳೆದುಕೊಂಡ. ಒಂದರಿಂದ ಮೂವತ್ತರವರೆಗೆ ಮನೆ ನಂಬರು, ಮುಂದೆ ಹೆಸರು. ಓದಲೂ ಇಲ್ಲ, ಮಡಿಸಿ ಅಂಗಿ ಜೇಬಿಗೆ ಇಳಿಸಿದ.

“ಬರೀ ಹೆಸರು ಇಟ್ಕೊಂಡು ಏನು ಮಾಡ್ತೀಯ? ಯಾರು ಏನು ಹಾಕಿದ್ರು ಅನ್ನೋದು ಅದ್ರಲ್ಲಿಲ್ಲ” ಎಂದೆ.

“ಸಾಹೇಬ್ರಿಗೆ ಬೇಕು ಅಂದ್ರು, ತಗೊಂಡೆ.”

ಆಗ ನನ್ನ ಫೋನು ಗುಂಯ್ ಎಂದಿತು. ಅದನ್ನೂ ಕಿತ್ತುಕೊಂಡ. ಓದಿದ. ಮುಖ ಅರಳಿತು.

ಜೋರಾಗಿ ಓದಿ ಹೇಳಿದ. “‘ಸರ್, ಮೂವತ್ತೂ ಮುಗೀತು. ಲೆಕ್ಕ ತಪ್ಪಬಾರದು ಅಂತ ಪ್ರತಿ ಚೀಟಿ ಮೂಲೇಲೂ ಮನೆ ನಂಬರ್ ಪೆನ್ಸಿಲಲ್ಲಿ ಬರ್ದಿದೀನಿ. ಪೊಲ್ದೊ ತಾತನ ಮುಖ ನೋಡ್ಕೊಂಡು ಮನೆಗೆ ಹೋಗ್ತೀನಿ. ಫೋನ್ ಚಾರ್ಜ್ ಇಲ್ಲ. ಎಡ್ಲಿನ್.’ ...ಆಹಾ! ಎಂಥ ಅಚ್ಚುಕಟ್ಟು ಹುಡುಗಿ ಅಣ್ಣ!”



ಪಟ್ಟಿ ಅವನ ಜೇಬಿನಲ್ಲಿ. ಚೀಟಿಯೂ ಸಿಕ್ಕರೆ ಮೂವತ್ತು ಮನೆಯೂ ಬೆತ್ತಲೆ! ಎಷ್ಟು ಮಣಿಕಟ್ಟು ಮುರಿಯಬೇಕಾದೀತು ಎಂದು ಗವರ್ನರ್ ಬೆರಳು ಮಡಿಸಿ ಎಣಿಸಬಹುದು.

“ಅವಳು ಇಪ್ಪತ್ತು ವರ್ಷದ ಮಗು, ಗೊರ್ಯೊ.”

“ಮಗೂನ ಮುಟ್ಟಲ್ಲ. ಚೀಲ ಇಸ್ಕೊಳ್ತೀನಿ ಅಷ್ಟೆ.”

“ಸಾವಿನ ಮನೆಗೆ ಹೋಗ್ತೀಯ?”

ಅವನು ಒಂದು ಕ್ಷಣ ಕಾಲುವೆ ನೋಡಿದ. ಆ ಅಂಗಳಕ್ಕೆ ಗವರ್ನರ್ ಕಡೆಯವನು ಕಾಲಿಟ್ಟರೆ ಕುಡುಗೋಲು ಹೊರಬರುತ್ತದೆಂದು ಅವನಿಗೂ ಗೊತ್ತು.

“ಯಾಕೆ ಹೋಗ್ಲಿ? ಅವಳ ಮನೇಲಿ ಕಾಯ್ತೀನಿ.”

ನನ್ನ ಬೈಕಿನ ಕೀಲಿ ಕಿತ್ತು ಕಾಲುವೆಗೆ ಎಸೆದ. ಬಾತುಕೋಳಿಗಳು ತಿಂಡಿಯೆಂದು ಮುಗಿಬಿದ್ದವು. ಜೀಪು ಧೂಳೆಬ್ಬಿಸಿ ಹೋಯಿತು.

ನಾನು ಬೈಕಿನ ಹತ್ತಿರ ಹೋಗಿ ಎರಡು ತಂತಿ ಜೋಡಿಸಿದೆ.

ಆ ಬೈಕು ಕೀಲಿಗೆ ಬಗ್ಗದೆ ಎರಡು ವರ್ಷವಾಗಿತ್ತು!

ಕೊಯ್ಲು ಮುಗಿದ ಕಾಲ. ಕಾಂಕ್ರೀಟ್ ರಸ್ತೆಯ ಅರ್ಧ ಅಗಲಕ್ಕೆ ಮೈಲಿಗಟ್ಟಲೆ ಭತ್ತ ಹರಡಿದ್ದರು. ಪ್ರವಾಹಕ್ಕೆ ಸಿಕ್ಕಿ ಉಳಿದಿದ್ದು ಅಷ್ಟೇ. ಹೆಂಗಸರು ಮರದ ಹಲುಬೆ ಹಿಡಿದು ಕಾಳು ತಿರುವುತ್ತಿದ್ದರು. ಒಣಗಿದ ಹೊಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಲ್ಲಿ ಯಾವ ಗಾಡಿಯೂ ಭತ್ತದ ಮೇಲೆ ಹತ್ತುವುದಿಲ್ಲ. ಎದುರು ಗಾಡಿ ಬಂದರೆ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡುತ್ತೇವೆ.

ಜೀಪಿನ ಅವಸರಕ್ಕೆ ಅದೆಲ್ಲ ಎಲ್ಲಿ? ನೂರು ಮಾರು ಭತ್ತದ ಮೇಲೆ ಎರಡು ಕರಿ ಪಟ್ಟೆ ಎಳೆದು ಹೋಗಿತ್ತು.

ಗೊರ್ಯೊ ತಿರುವಿನಲ್ಲಿ ಸಿಕ್ಕಿಬಿದ್ದಿದ್ದ. ಹತ್ತು ಹನ್ನೆರಡು ಹಲುಬೆಗಳು ಜೀಪಿಗೆ ಅಡ್ಡ ನಿಂತಿದ್ದವು.

“ಇಳಿಯೋ ಕೆಳಗೆ! ಯಾರ ಅನ್ನದ ಮೇಲೆ ಚಕ್ರ ಹತ್ತಿಸ್ತೀಯ?”

“ದಾರಿ ಬಿಡಿ ಅಕ್ಕ... ಅರ್ಜೆಂಟ್ ಇದೆ.”

“ಹುಳದ ಅಕ್ಕಿ ಹಂಚೋದಕ್ಕಾ ಅರ್ಜೆಂಟು? ಇಳಿ! ಚಕ್ರಕ್ಕೆ ಮೆತ್ತಿರೋ ಕಾಳು ಒಂದೊಂದೇ ಬಿಡಿಸಿ ಕೊಡು!”

ನಾನು ಬೈಕನ್ನು ಗದ್ದೆಯ ಬದುವಿಗೆ ಇಳಿಸಿದೆ. ಅವನು ಕಂಡ. ಕಿಟಕಿಯಿಂದ ಕೈ ಹೊರಬಂತು.

ಢಂ!

ನನ್ನ ಎಡಗಡೆಯ ಕನ್ನಡಿ ಚೂರಾಯಿತು. ಹೆಂಗಸರು ಕಿರುಚಿದರು. ಆದರೆ ಹಲುಬೆ ಮಾತ್ರ ಒಂದೂ ಸರಿಯಲಿಲ್ಲ. ನಾನು ತಿರುಗಿ ನೋಡಲಿಲ್ಲ... ನೋಡಲು ಕನ್ನಡಿಯೂ ಇರಲಿಲ್ಲ.

ಪೊಲ್ದೊ ತಾತನ ಅಂಗಳದಲ್ಲಿ ಟಾರ್ಪಾಲಿನ್ ಚಪ್ಪರ. ಕಾಫಿ, ಬಿಸ್ಕತ್ತು, ಶವ ಕಾಯುವವರ ಇಸ್ಪೀಟು, ಅಳು. ಶವಪೆಟ್ಟಿಗೆಯ ಗಾಜಿನ ಮೇಲೆ ಯಾರೋ ಅದೇ ಟೋಪಿ ಒಗೆದು ಇಟ್ಟಿದ್ದರು. ನಾನು ಶಿಲುಬೆಯ ಗುರುತು ಹಾಕಿಕೊಂಡು ತಾತನ ಮಗನ ಹತ್ತಿರ ಹೋದೆ.

“ಎಡ್ಲಿನ್ ಬಂದಿದ್ಲಾ?”

“ಈಗ ಹೋದ್ಲು. ನೀವು ಕಾಫಿ ಕುಡೀರಿ.”

“ಅರ್ಜೆಂಟಿದೆ ತಮ್ಮಾ.”

“ನೀವೆಲ್ಲ ಸರ್ವೆ ಮಾಡ್ತೀರಂತೆ. ಅಪ್ಪನ್ನೂ ಕೇಳಿ ಒಂದ್ಸಲ. ಅವನೊಬ್ನೇ ನೋಡಿ ನಮ್ಮೂರಲ್ಲಿ ಬಾಯಿಬಿಟ್ಟು ಹೇಳಿದ್ದು.”

ಅವನ ಭುಜ ತಟ್ಟಿ ಹೊರಬಿದ್ದೆ.

ಯೋಚಿಸಿ. ಹುಡುಗಿ ಹಳ್ಳಿಯಲ್ಲೇ ಬೆಳೆದವಳು. ಸಾವಿನ ಮನೆಯಿಂದ ಯಾರೂ ನೆಟ್ಟಗೆ ಸ್ವಂತ ಮನೆಗೆ ಹೋಗುವುದಿಲ್ಲ. ಹೋದರೆ ಸತ್ತವರು ಬೆನ್ನು ಹಿಡಿದು ಮನೆಯೊಳಗೆ ಬರುತ್ತಾರೆ. ನಡುವೆ ಎಲ್ಲಾದರೂ ನಿಂತು, ಕೂತು, ಆ ನೆರಳನ್ನು ಕೊಡವಿಕೊಂಡು ಹೋಗಬೇಕು. ಮೆಸೇಜಿನಲ್ಲಿ ‘ಮನೆಗೆ’ ಎಂದು ಬರೆದರೂ ನಡುವೆ ಒಂದು ನಿಲ್ದಾಣ ಇದ್ದೇ ಇರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ.

ಗೊರ್ಯೊಗೆ ಇದು ಮರೆತುಹೋಗಿತ್ತು! ಎಂಟು ವರ್ಷ ಬಂಗಲೆಯಲ್ಲಿದ್ದವನು. ಅವನನ್ನು ಯಾವ ಸಾವಿನ ಮನೆಗೆ ಯಾರು ಕರೆಯುತ್ತಾರೆ?

ಈ ದಿಕ್ಕಿನಲ್ಲಿ ಕೂರಲು ಇರುವ ಜಾಗ ಒಂದೇ. ಕೂಡುರಸ್ತೆಯ ಬೇಕರಿ.

ಅಲ್ಲೇ ಇದ್ದಳು. ಬೆಂಚಿನ ಮೇಲೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ, ಅತ್ತು ಕೆಂಪಾದ ಕಣ್ಣು. ಬಟ್ಟೆ ಚೀಲ ಮಡಿಲಲ್ಲಿ.

“ಸರ್! ಕೂತ್ಕೊಳ್ಳಿ, ಬ್ರೆಡ್ ಬಿಸಿ ಇದೆ.”

“ಎಡ್ಲಿನ್... ಆ ಚೀಟಿಗೆ ನಂಬರ್ ಯಾಕಮ್ಮ ಹಾಕ್ದೆ?”

“ಮೂವತ್ತರಲ್ಲಿ ಒಂದು ಕಳೆದ್ರೆ ಯಾವುದು ಅಂತ ಗೊತ್ತಾಗ್ಬೇಕಲ್ಲ ಸರ್? ನೀವು ಬೈತೀರ ಅಂತ...”

ಗೊರ್ಯೊ ವಿಷಯ ಹೇಳಿದೆ. ಅವಳ ಕೈಯ ಬ್ರೆಡ್ಡು ಕಾಫಿಗೆ ಬಿತ್ತು.

“ನಾನು ಎಲ್ರಿಗೂ ಹೇಳ್ದೆ ಸರ್... ಯಾರಿಗೂ ಗೊತ್ತಾಗಲ್ಲ ಅಂತ ಹೇಳ್ದೆ! ನನ್ನ ನಂಬಿ ಹಾಕಿದ್ರು!”

“ರಬ್ಬರ್ ಇದೆಯಾ?”

“ಇದೆ!”

ಚೀಲದ ಗಂಟು ಬಿಚ್ಚುವಷ್ಟರಲ್ಲಿ ಹೊರಗೆ ಬ್ರೇಕು ಕಿರುಚಿತು.

ಗೊರ್ಯೊ ಒಳಗೆ ಬಂದ. ಪ್ಯಾಂಟಿನ ಮೊಣಕಾಲಿಗೆ ಹೊಟ್ಟು ಮೆತ್ತಿತ್ತು. ಕಾಳು ಬಿಡಿಸಿ ಕೊಟ್ಟೇ ಬಂದಿದ್ದನೆಂದು ಕಾಣುತ್ತದೆ. ಪಿಸ್ತೂಲು ನೇರ ನನ್ನ ಎದೆಗೆ. ಬೇಕರಿಯವನು ಒಲೆಯ ಹಿಂದೆ ಮಾಯವಾದ.

“ನಿಮ್ಮಮ್ಮ ಹೇಳಿದ್ರು ಎಡ್ಲಿನ್. ‘ಸಾವಿನ ಮನೆಯಿಂದ ನೆಟ್ಟಗೆ ಮನೆಗೆ ಬರ್ತಾಳೇನೋ, ಬೇಕರಿಗೆ ಹೋಗಿರ್ತಾಳೆ, ಇಷ್ಟೂ ಗೊತ್ತಿಲ್ವಾ ನಿಂಗೆ’ ಅಂದ್ರು. ಎಷ್ಟು ಮರ್ಯಾದೆ ಕಳೆದ್ರು ಗೊತ್ತಾ? ...ಕೊಡು ಚೀಲ.”

ಅವಳು ಚೀಲವನ್ನು ಎದೆಗೊತ್ತಿಕೊಂಡಳು. “ಕೊಡಲ್ಲ.”

“ಎಡ್ಲಿನ್!”

“ಕೊಡಲ್ಲ ಸರ್! ಹೊಡೀಲಿ!”

ಗೊರ್ಯೊನ ಬೆರಳು ಟ್ರಿಗರ್ ಮೇಲೆ ಕೂತಿತು. ಆ ಬೆರಳನ್ನು ನಾನು ಬಲ್ಲೆ. ನನ್ನದೂ ಒಂದು ಕಾಲಕ್ಕೆ ಹಾಗೆಯೇ ಕೂರುತ್ತಿತ್ತು. ಅದಕ್ಕೆ ಯೋಚಿಸುವ ಅಭ್ಯಾಸವಿಲ್ಲ. ಅದರ ಯಜಮಾನನಿಗೇ ಯೋಚನೆ ಹಚ್ಚಬೇಕು.

“ಪಟ್ಟಿ ಓದಿದೆಯಾ ಗೊರ್ಯೊ?” ಎಂದೆ.

“ಓದೋಕೆ ಸಾಹೇಬ್ರಿದಾರೆ.”

“ಹದಿನಾಲ್ಕನೇ ಹೆಸರು ನೋಡು.”

“ಮಾತಲ್ಲಿ ಸಿಗಿಸ್ಬೇಡ ಅಣ್ಣ.”

“ಒಂದು ಹೆಸರು. ಆಮೇಲೆ ಚೀಲ ನಿಂದೇ.”

ಎಡಗೈಯಲ್ಲಿ ಪಟ್ಟಿ ಬಿಚ್ಚಿದ. ತುಟಿ ಅಲುಗಾಡಿಸುತ್ತ ಇಳಿದ. ನಿಂತ.

ಆಸುನ್ಸಿಯೊನ್ ಮಕರಾಯೆಗ್. ಹಳ್ಳಿಗೆಲ್ಲ ಸಿಯೊನಿಂಗ್ ಅವ್ವ. ಗೊರ್ಯೊನನ್ನು ಹೆತ್ತವಳು. ಬೆಳಿಗ್ಗೆ ನನಗೆ ಬೇಯಿಸಿದ ಜೋಳ ಕೊಟ್ಟು, ಎಡ್ಲಿನ್ ಬಂದದ್ದು ನಿಜ ಎಂದು ಹೇಳಿದ್ದಳು. ಮಗನ ಸುದ್ದಿ ಕೇಳಿದರೆ, “ದೊಡ್ಡವರ ಮನೇಲಿದಾನೆ, ನಮ್ಮನೆ ದಾರಿ ಮರ್ತಿದಾನೆ” ಎಂದಿದ್ದಳು.

“ನಮ್ಮವ್ವಂಗೂ ಕೇಳಿದ್ರಾ?” ಗೊರ್ಯೊನ ದನಿ ಸಣ್ಣಗಾಯಿತು.

“ಆರು ಮನೆಗೊಂದು ಮನೆ. ಲೆಕ್ಕದಲ್ಲಿ ಬಂತು” ಎಂದಳು ಎಡ್ಲಿನ್.

“ಅವ್ವ ಏನು ಹಾಕಿದ್ಲು?”

“ನನಗೇನು ಗೊತ್ತು? ನಾನು ನೋಡಿಲ್ಲ.”

ಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದ. ಮೂವತ್ತು ಚೀಟಿ. ಮೂಲೆಯ ನಂಬರು ಹುಡುಕುತ್ತ ಒಂದೊಂದೇ ತಳ್ಳಿದ. ಹದಿನಾಲ್ಕು ಸಿಕ್ಕಿತು. ಬಿಚ್ಚಿದ.

ನನಗೂ ಕಂಡಿತು. ‘ಇಲ್ಲ’ ಎಂಬ ಕಡೆ ಗುರುತು. ಎಷ್ಟು ಒತ್ತಿ ಹಾಕಿದ್ದಳೆಂದರೆ... ಪೆನ್ನು ಕಾಗದವನ್ನು ಹರಿದುಕೊಂಡು ಆಚೆ ಬಂದಿತ್ತು.

ಗೊರ್ಯೊ ಆ ತೂತನ್ನು ನೋಡಿದ. ಹೊರಗೆ ಯಾವುದೋ ಬಾಡಿಗೆ ಟ್ರೈಸಿಕಲ್ ಹಾರ್ನ್ ಹೊಡೆದು ಹೋಯಿತು.

ಆಮೇಲೆ ಚೀಟಿಯನ್ನು ಬಾಯಿಗೆ ಹಾಕಿಕೊಂಡ!

ಅಗಿದ. ಗಂಟಲಲ್ಲಿ ಇಳಿಯಲಿಲ್ಲ. ಎಡ್ಲಿನ್‌ನ ಕಾಫಿ ಎತ್ತಿ ಕುಡಿದ. ಉಳಿದ ಚೀಟಿ ಬಾಚಿ ಚೀಲಕ್ಕೆ ತುಂಬಿ ಎದ್ದ.

“ಆಯ್ತು. ನಮ್ಮವ್ವಂದು ಇಲ್ಲ. ಮಿಕ್ಕಿದ್ದು ಒಯ್ತೀನಿ.”

“ಒಯ್ಯಿ” ಎಂದೆ. “ಇಪ್ಪತ್ತೊಂಬತ್ತು ಚೀಟಿ. ನಿಮ್ಮ ಸಾಹೇಬ್ರು ಓದ್ಕೊಂಡೋರು. ಹದಿಮೂರು ಇದೆ, ಹದಿನೈದು ಇದೆ. ಹದಿನಾಲ್ಕು ಎಲ್ಲೋಯ್ತು ಗೊರ್ಯೊ ಅಂತ ಕೇಳ್ತಾರೆ. ಪಟ್ಟಿ ತೆಗೆದು ನೋಡ್ತಾರೆ.”

ಅವನು ಬಾಗಿಲಲ್ಲಿ ನಿಂತ.

“ಪಟ್ಟಿ ಹರಿದು ಹಾಕ್ತೀನಿ.”

“ಕಂಪನೀಲಿ ಇನ್ನೊಂದಿದೆ. ಅವರು ತರಿಸ್ಕೊಳ್ಳೋದು ಎಷ್ಟು ಹೊತ್ತು?”

ಅವನ ಬೆವರು ಕಿವಿಯ ಪಕ್ಕದಿಂದ ಇಳಿದು ಕಾಲರಿಗೆ ಬಿತ್ತು. ಮಣಿಕಟ್ಟು ಮುರಿಯಲು ಗವರ್ನರ್ ಕಳಿಸುವುದು ಯಾರನ್ನು? ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನೆ.

“ಹಾಗಾದ್ರೆ?” ಎಂದ.

ಎಡ್ಲಿನ್ ರಬ್ಬರನ್ನು ಮೇಜಿನ ಮೇಲಿಟ್ಟಳು.

ಅವನು ಕೂತ. ಪಿಸ್ತೂಲನ್ನು ಬ್ರೆಡ್ಡಿನ ತಟ್ಟೆಯ ಪಕ್ಕಕ್ಕಿಟ್ಟ. ಒಂದನೇ ಚೀಟಿ ತೆಗೆದು ಮೂಲೆ ಉಜ್ಜಿದ.

“ಮೆಲ್ಲಗೆ. ಪೇಪರ್ ಹರಿಯುತ್ತೆ” ಎಂದಳು ಅವಳು.

“ಗೊತ್ತು ಸುಮ್ನಿರು!”

“ಆರೂ ಒಂಬತ್ತೂ ಹಂಗೇ ಉಳ್ಸಿದೀರ ನೋಡಿ.”

“ಆ... ಎಲ್ಲಿ?”

ಇಪ್ಪತ್ತೊಂಬತ್ತು ಚೀಟಿ. ಇಷ್ಟು ದಪ್ಪ ಬೆರಳು ಇಷ್ಟು ಹುಷಾರಾಗಿ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ಕೊನೆಗೆ ನನ್ನ ಫೋನು ತೆಗೆದು ಆ ಮೆಸೇಜು ಅಳಿಸಿ ನನ್ನತ್ತ ತಳ್ಳಿದ.

“ನಂಬರ್ ಗಿಂಬರ್ ಏನೂ ಇರ್ಲಿಲ್ಲ. ಚೀಟಿ ನೋಡ್ದೆ, ಪ್ರಯೋಜನ ಇಲ್ಲ ಅಂತ ಬಿಟ್ಬಂದೆ. ಹಂಗೇ ಹೇಳ್ತೀನಿ.”

“ನಂಬ್ತಾರಾ?”

“ನಂಬ್ದಿದ್ರೆ ಆವಾಗ ನೋಡ್ಕೊಳ್ಳೋಣ.” ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿದ. ಬಾಗಿಲಲ್ಲಿ ತಿರುಗಿದ. “ಅಣ್ಣ... ನಮ್ಮವ್ವ ಹುಷಾರಾಗಿದಾಳಾ?”

“ಹೋಗಿ ನೋಡು. ಇಲ್ಲಿಂದ ಒಂದೂವರೆ ಮೈಲಿ.”

ಜೀಪು ಹಳ್ಳಿ ಕಡೆ ತಿರುಗಲಿಲ್ಲ. ಬಂಗಲೆ ಕಡೆಯೇ ಹೋಯಿತು. ಆದರೆ ಈ ಸಲ ಭತ್ತದ ಅಂಚಿನಲ್ಲಿ, ನಿಧಾನವಾಗಿ.

ವರದಿ ಕಳಿಸಿದೆ. ವಿಶ್ವಾಸ ಇದೆ: ಮೂರು. ಇಲ್ಲ: ಇಪ್ಪತ್ತಾರು. ಉತ್ತರವಿಲ್ಲ: ಒಂದು.

ಮನಿಲಾದಿಂದ ಮೇಲಧಿಕಾರಿಯ ಫೋನು ಬಂತು. “ಇಷ್ಟೆಲ್ಲ ಗಲಾಟೆ ಆದ್ಮೇಲೂ ಆ ಒಬ್ಬರಿಗೆ ಅಭಿಪ್ರಾಯಾನೇ ಇರ್ಲಿಲ್ವೇನ್ರೀ?”

“ಇತ್ತು ಸರ್” ಎಂದೆ. “ಮಗ ತಿಂದ.”