ಗೇಣುದ್ದದ ಅತ್ತಿಮರ

ಬಹಳ ಹಿಂದೆ, ಏಳು ಕೆರೆಗಳ ಆಚೆ, ಕುಂದಣಗಿರಿ ಎಂಬ ರಾಜ್ಯವಿತ್ತು. ಅದನ್ನು ಸಿಂಗದೇವನೆಂಬ ದೊರೆ ಆಳುತ್ತಿದ್ದ. ದೊರೆ ಒಳ್ಳೆಯವನೇ. ಆದರೆ ಎದುರಿಗೆ ನಿಂತವರನ್ನು ಗೇಲಿ ಮಾಡಿ ನಗುವ ಚಾಳಿ ಅವನಿಗಿತ್ತು.

ಒಂದು ದಿನ ಘಟಕೇತನೆಂಬ ಮಾಂತ್ರಿಕ ಸಭೆಗೆ ಬಂದ. ಅವನು ತೀರ ಗಿಡ್ಡ. ದೊರೆ ಅವನನ್ನು ನೋಡಿ, "ಮಾತು ಕೇಳಿಸುತ್ತಿದೆ, ಆಳೇ ಕಾಣುತ್ತಿಲ್ಲವಲ್ಲ," ಎಂದ. ಸಭೆಯೆಲ್ಲ ನಕ್ಕಿತು. ಘಟಕೇತ ತನ್ನ ಕೋಲನ್ನು ನೆಲಕ್ಕೆ ಕುಟ್ಟಿದ. ಅರಮನೆಯೊಳಗಿದ್ದವರೆಲ್ಲ, ದೊರೆಯಿಂದ ಹಿಡಿದು ಅಡುಗೆಯವರ ತನಕ, ಗೇಣುದ್ದವಾದರು.

"ಕಾಲನ್ನು ಮಣ್ಣಿನ ಮೇಲಿಟ್ಟು, ಅತ್ತಿಮರದ ತುದಿಗೊಂಬೆಯ ಹಣ್ಣನ್ನು ಕೈಯಾರೆ ಕಿತ್ತು ತಿಂದ ದಿನ ಮೊದಲಿನಂತಾಗುತ್ತೀರಿ. ಅಲ್ಲಿಯವರೆಗೆ ಎಲ್ಲರನ್ನೂ ತಲೆಯೆತ್ತಿ ನೋಡುತ್ತಿರಿ," ಎಂದು ಹೇಳಿ ಅವನು ಹೊರಟುಹೋದ.

ಅತ್ತಿಮರವೆಂದರೆ ಗೋಪುರದೆತ್ತರ. ಗೇಣುದ್ದದವರಿಗೆ ಅದರ ತುದಿ ಎಟುಕುವುದೆಲ್ಲಿ?

ಮಾರನೆಯ ದಿನ ಚಿಗರಿ ಎಂಬ ಕುಂಬಾರರ ಹುಡುಗಿ ಅರಮನೆಗೆ ಮಡಕೆ ತಂದಳು. ಗೇಣುದ್ದದ ದೊರೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಚಿಗರಿ ಮಡಕೆ ಇಳಿಸಿ, ಮಂಡಿಯೂರಿ, ನಡೆದದ್ದನ್ನೆಲ್ಲ ಕೇಳಿಕೊಂಡಳು.

"ಕೋಟೆಗೋಡೆಯ ಬಿರುಕಿನಲ್ಲೊಂದು ಅತ್ತಿಗಿಡ ಇದೆ, ದೊರೆಗಳೇ," ಎಂದಳು. "ನಾನು ಮಗುವಾಗಿದ್ದಾಗಿನಿಂದ ನೋಡುತ್ತಿದ್ದೇನೆ. ವಯಸ್ಸಾಗಿದೆ, ಎತ್ತರವಾಗಿಲ್ಲ. ಬೇರಿಗೆ ಜಾಗ ಇಲ್ಲದಿದ್ದರೆ ಮರ ಗಿಡ್ಡಕ್ಕೇ ಮುದಿಯಾಗುತ್ತದೇನೋ."

"ಹಣ್ಣು ಬಿಡುತ್ತದೆಯೇ?"

"ಗೊತ್ತಿಲ್ಲ. ನನಗೂ ನೋಡಬೇಕೆನಿಸಿದೆ."

ಅವಳು ಗಿಡವನ್ನು ಬಿರುಕಿನಿಂದ ಬಿಡಿಸಿ ತಂದಳು. ತಾಯಿಬೇರನ್ನು ಕತ್ತರಿಸಿ, ಸಣ್ಣ ಬೇರುಗಳನ್ನು ಉಳಿಸಿ, ತಾನೇ ಸುಟ್ಟ ಅಗಲವಾದ ಆಳವಿಲ್ಲದ ಮಣ್ಣಿನ ಹರಿವಾಣದಲ್ಲಿ ನೆಟ್ಟಳು. ಎಲೆಗಳೆಲ್ಲ ಉದುರಿದವು.

"ಸತ್ತಿತು," ಎಂದ ದೊರೆ.

ಚಿಗರಿ ಉಗುರಿನಿಂದ ತೊಗಟೆ ಕೆರೆದು ತೋರಿಸಿದಳು. ಒಳಗೆ ಹಸಿರಿತ್ತು. ಮಳೆಗಾಲಕ್ಕೆ ಅದು ಚಿಗುರಿತು.

ಸುದ್ದಿ ಘಟಕೇತನಿಗೆ ಮುಟ್ಟಿತು. ಅವನು ಬಿಸಿಗಾಳಿಯನ್ನು ಕಳಿಸಿದ. ಹರಿವಾಣದ ಮಣ್ಣು ಹಂಚಿನಂತೆ ಒಣಗಿತು. ಚಿಗರಿ ಕೊಡ ಹೊತ್ತು ತಂದಷ್ಟೂ ನೀರು ಸುರಿದ ಕೂಡಲೇ ಆವಿಯಾಗುತ್ತಿತ್ತು. ಆಗ ದೊರೆ ತನ್ನವರನ್ನೆಲ್ಲ ಕರೆದ. ಮಂತ್ರಿ, ಸೇನಾಪತಿ, ಅಡುಗೆಯವರು ಸಾಲಾಗಿ ನಿಂತು ಬಸವನಹುಳದ ಚಿಪ್ಪಿನಲ್ಲಿ ಹನಿಹನಿಯಾಗಿ, ಬಿಡುವಿಲ್ಲದೆ, ಬೇರಿಗೆ ನೀರು ದಾಟಿಸಿದರು. ಗಾಳಿಗೇ ದಣಿವಾಗಿ ಅದು ತಿರುಗಿ ಹೋಯಿತು.

ವರ್ಷಗಳು ಕಳೆದವು. ಚಿಗರಿ ಪ್ರತಿ ಬೇಸಿಗೆಯಲ್ಲೂ ಎಲೆಗಳನ್ನೆಲ್ಲ ಕಿತ್ತುಹಾಕುವಳು. ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗಿ ಬರುವುದು. ದೊರೆ ಎಲೆಗಳನ್ನು ತನ್ನ ಅಂಗೈಗೆ ಹಿಡಿದು ಅಳೆಯುತ್ತ, "ಇದಕ್ಕೆ ಹೇಗೆ ತಿಳಿಯುತ್ತದೆ?" ಎಂದು ಕೇಳುವನು. ಅವಳಿಗೂ ತಿಳಿಯದು. ಇಬ್ಬರೂ ಕೂತು ನೋಡುವರು.

ಎರಡನೆಯ ಸಲ ಘಟಕೇತನೇ ಬಂದ. ಗಿಡದ ಮುಂದೆ ನಿಂತು, "ಬೆಳೆ," ಎಂದ. ಹರಿವಾಣ ಒಡೆಯಿತು. ಗಿಡ ನೋಡನೋಡುತ್ತಲೇ ಚಾವಣಿ ಮುಟ್ಟಿತು. ಮಾಂತ್ರಿಕ ನಗುತ್ತ ಹೋದ. ದೊರೆ ಮುಖ ಮುಚ್ಚಿಕೊಂಡ.

ಚಿಗರಿ ಮಾತ್ರ ಮರದ ಸುತ್ತ ಒಂದು ಸುತ್ತು ಬಂದಳು. "ಬುಡ ನೋಡಿ, ದೊರೆಗಳೇ. ನನ್ನ ತೋಳಿನಷ್ಟು ದಪ್ಪವಾಗಿದೆ. ಹರಿವಾಣದಲ್ಲಿ ಇಷ್ಟು ದಪ್ಪವಾಗಲು ನನ್ನ ಆಯಸ್ಸು ಸಾಲುತ್ತಿರಲಿಲ್ಲ. ನಮ್ಮ ಕೆಲಸ ಅವನೇ ಮಾಡಿಕೊಟ್ಟ."

ಗರಗಸ ತಂದು ಕಾಂಡವನ್ನು ಬುಡದ ಹತ್ತಿರವೇ ಕೊಯ್ದಳು. ಬಿಳಿ ಹಾಲು ಸುರಿಯಿತು. ಗಾಯಕ್ಕೆ ಜೇಡಿಮಣ್ಣು ಮೆತ್ತಿ, ಬೇರಿನೊಡನೆ ಉಳಿದ ಮೋಟನ್ನು ಹೊಸ ಹರಿವಾಣಕ್ಕೆ ಕೂರಿಸಿದಳು. ಮೋಟಿನ ಸುತ್ತ ಚಿಗುರು ಒಡೆಯಿತು. ಚಿಗುರು ಕೊಂಬೆಯಾದಂತೆ ಬಾಳೆನಾರು ಸುತ್ತಿ ಮೆಲ್ಲಗೆ ಬಾಗಿಸಿದಳು. ಕೆಲವು ವರ್ಷಗಳಲ್ಲಿ ಅದು ಮುದಿಮರದಂತೆಯೇ ಕಂಡಿತು. ಎತ್ತರ ಮಾತ್ರ ದೊರೆಯಷ್ಟೇ.

ಒಂದು ವಸಂತದಲ್ಲಿ ಕಾಯಿ ಬಿಟ್ಟಿತು. ತುದಿಗೊಂಬೆಯಲ್ಲೂ ಬಿಟ್ಟಿತು. ಎಲೆ ಚಿಕ್ಕದಾಗಿದ್ದರೂ ಕಾಯಿ ಚಿಕ್ಕದಾಗಿರಲಿಲ್ಲ. ಒಂದೊಂದೂ ದೊರೆಯ ತಲೆಯಷ್ಟಿತ್ತು. ಅರಮನೆಯೆಲ್ಲ ಸಂಭ್ರಮಿಸಿತು. ಆದರೆ ಕಾಯಿ ಹಣ್ಣಾಗದೆ ಹಸಿರಾಗಿಯೇ ಉದುರಿತು. ಮುಂದಿನ ಸಲವೂ ಹಾಗೇ.

ಚಿಗರಿ ಉದುರಿದ ಕಾಯಿಯನ್ನು ಬಿಡಿಸಿದಳು. ಒಳಗೆ ಏನೂ ಇರಲಿಲ್ಲ. ಕಾಡಿಗೆ ಹೋಗಿ ದೊಡ್ಡ ಅತ್ತಿಮರದ ಹಣ್ಣನ್ನು ಬಿಡಿಸಿದಳು. ಒಳಗೆ ರೆಕ್ಕೆಯ ಸಣ್ಣ ಹುಳಗಳು ಹರಿದಾಡುತ್ತಿದ್ದವು. ಅವು ಹಾರಿಹೋಗಿ ಬೇರೆ ಕಾಯಿಗಳೊಳಗೆ ನುಸುಳುವುದನ್ನು ಅವಳು ಸಂಜೆಯವರೆಗೂ ನೋಡಿದಳು.

ತಿರುಗಿ ಬಂದು ಅರಮನೆಯ ಮೇಲಿನ ಆಕಾಶವನ್ನು ನೋಡಿದಳು. ಅಲ್ಲಿ ಕಾಗೆಯಿಲ್ಲ, ಚಿಟ್ಟೆಯಿಲ್ಲ, ನೊಣವೂ ಇಲ್ಲ. ಹಾರುವುದೊಂದೂ ಒಳಗೆ ಬಾರದಂತೆ ಘಟಕೇತ ಅರಮನೆಯ ಸುತ್ತ ಮಂತ್ರದ ಗೆರೆ ಎಳೆದಿದ್ದ.

"ಇನ್ನು ಮುಗಿಯಿತು, ಮಗಳೇ," ಎಂದ ದೊರೆ. "ನೀನಾದರೂ ಮನೆಗೆ ಹೋಗು."

"ಹಾರುವುದು ಬರಬಾರದು. ಹಾರಲು ಇನ್ನೂ ಕಲಿಯದ್ದು ಬರಬಹುದಲ್ಲ?"

ಅವಳು ಮತ್ತೆ ಕಾಡಿಗೆ ಹೋಗಿ, ಇನ್ನೇನು ಹಣ್ಣಾಗಲಿದ್ದ ಕಾಯೊಂದನ್ನು ಮಡಿಲಲ್ಲಿಟ್ಟು ತಂದಳು. ಗೆರೆ ಅವಳನ್ನು ತಡೆಯಲಿಲ್ಲ. ದೊರೆ ಕಾಯಿಗೆ ಕಿವಿಯಿಟ್ಟ.

"ಒಳಗೆ ಯಾರೋ ಬಾಗಿಲು ಕೊರೆಯುತ್ತಿದ್ದಾರೆ," ಎಂದ.

ಬೆಳಗಿನ ಹೊತ್ತಿಗೆ ತೂತು ಬಿತ್ತು. ಹುಳಗಳು ಹೊರಬಂದು, ರೆಕ್ಕೆ ಒಣಗಿಸಿಕೊಂಡು, ಚಿಕ್ಕ ಮರದ ಕಾಯಿಗಳೊಳಗೆ ನುಸುಳಿದವು. ಆಮೇಲೆ ಒಂದು ಕಾಯಿಯೂ ಉದುರಲಿಲ್ಲ. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು.

ದೊರೆ ಹರಿವಾಣದ ಮಣ್ಣಿನ ಮೇಲೆ ಕಾಲಿಟ್ಟು, ಕೈಚಾಚಿ, ತುದಿಗೊಂಬೆಯ ಹಣ್ಣನ್ನು ಕಿತ್ತ. ಮೊದಲು ತಾನು ತಿನ್ನಲಿಲ್ಲ. ಅಡುಗೆಯವರಿಂದ ಹಿಡಿದು ಮಂತ್ರಿಯವರೆಗೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ಕಿತ್ತು ತಿಂದು ದೊಡ್ಡವರಾದರು. ಕೊನೆಗೆ ಅವನು ತಿಂದ.

ಮಾಯೆ ಮುರಿದಾಗ ಘಟಕೇತನ ಮಂತ್ರಗಳೆಲ್ಲ ಅವನನ್ನು ಬಿಟ್ಟುಹೋದವು. ಸೈನಿಕರು ಅವನನ್ನು ಎಳೆದು ತಂದು, "ಶೂಲಕ್ಕೇರಿಸೋಣವೇ?" ಎಂದು ಕೇಳಿದರು.

ದೊರೆ ಸಿಂಹಾಸನದಿಂದ ಇಳಿದು ಅವನೆದುರು ನೆಲದ ಮೇಲೆ ಕೂತ. "ಮೊದಲು ತಪ್ಪು ಮಾಡಿದವನು ನಾನು. ಇಷ್ಟು ವರ್ಷ ಕೆಳಗಿನಿಂದ ನೋಡಿದ ಮೇಲೆ ಗೊತ್ತಾಯಿತು. ಮನ್ನಿಸಯ್ಯಾ."

ಘಟಕೇತನೂ ನೆಲದ ಮೇಲೆ ಕೂತ. "ನಾನೂ ಹದ ಮೀರಿದೆ," ಎಂದ. ಆಮೇಲೆ ಅವನ ಕಣ್ಣು ಹರಿವಾಣದ ಮೇಲೆ ಬಿತ್ತು. "ಹುಡುಗಿ, ನಾನು ಬೆಳೆ ಎಂದರೆ ಬೆಳೆಯಿತು. ನೀನು ಏನೆಂದು ಹೇಳಿ ಅದನ್ನು ನಿಲ್ಲಿಸಿದೆ?"

"ಏನೂ ಹೇಳಲಿಲ್ಲ. ಈ ಮಳೆಗೆ ಬೇರು ಬಿಡಿಸಬೇಕು. ಬನ್ನಿ, ನೋಡುವಿರಂತೆ."

ಆ ವರ್ಷ ಮಳೆ ಚೆನ್ನಾಗಿ ಬಂತು. ಕುಂದಣಗಿರಿಯ ಮನೆಮನೆಯಲ್ಲೂ ಉಣ್ಣಲು ಅನ್ನವಿತ್ತು, ಆಡಲು ಮಕ್ಕಳಿದ್ದರು. ಅರಮನೆಯ ಅಂಗಳದಲ್ಲಿ ಚಿಗರಿ ಮರವನ್ನೆತ್ತಿ ಬೇರಿನ ಸಿಕ್ಕು ಬಿಡಿಸುತ್ತಿದ್ದಳು. ಒಂದು ಕಡೆ ದೊರೆ, ಒಂದು ಕಡೆ ಘಟಕೇತ ಕಾಂಡ ಹಿಡಿದುಕೊಂಡಿದ್ದರು.

"ಅಲುಗಾಡಿಸಬೇಡಿ," ಎಂದಳು ಚಿಗರಿ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.