ಮೂವತ್ತೆರಡು ಡೆಸ್ಕುಗಳ ಕೇಸು

ಸೋಮವಾರ ಬೆಳಿಗ್ಗೆ 10.40ಕ್ಕೆ ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದು, ಒಂದು ಹಾಳೆಯ ದೂರನ್ನು ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲಿಟ್ಟರು. ಸರ್ಕಾರದ ಅನುದಾನದಲ್ಲಿ ಗುರುವಾರ ಶಾಲೆಗೆ ಮೂವತ್ತೆರಡು ಡೆಸ್ಕುಗಳು ಬಂದಿದ್ದವು. ಕಡತಕ್ಕೆಂದು ಫೋಟೊ ತೆಗೆದರು, ಮುಖ್ಯೋಪಾಧ್ಯಾಯಿನಿ ಸ್ವೀಕೃತಿಗೆ ಸಹಿ ಹಾಕಿದರು, ಶುಕ್ರವಾರ ಇಡೀ ದಿನ, ಶನಿವಾರ ಅರ್ಧ ದಿನ ಮಕ್ಕಳು ಕೂತರು. ಸೋಮವಾರ ಬಾಗಿಲು ತೆರೆದರೆ ಕೋಣೆ ಬಟಾಬಯಲು.

ಡೆಸ್ಕು ಕದ್ದವನು ಅದನ್ನು ಯಾರಿಗೆ ಮಾರುತ್ತಾನೆ ಎಂದು ದಫೇದಾರ್ ಮೀಸೆಯಡಿ ನಕ್ಕ. ಇನ್‌ಸ್ಪೆಕ್ಟರಮ್ಮ ಅವನ ಕಡೆ ಒಮ್ಮೆ ನೋಡಿದ್ದೇ ತಡ, ನಗು ನಿಂತಿತು.

"ನಾನು ಸಹಿ ಹಾಕಿಬಿಟ್ಟಿದ್ದೀನಿ ಮೇಡಂ," ಎಂದರು ಮುಖ್ಯೋಪಾಧ್ಯಾಯಿನಿ. "ಕಾಗದದಲ್ಲಿ ನಮ್ಮ ಶಾಲೇಲಿ ಡೆಸ್ಕಿದೆ. ಇನ್ನು ಹತ್ತು ವರ್ಷ ಬೇರೆ ಕೊಡಲ್ಲ. ನನ್ನ ಕೆಲಸ ಹೋದರೆ ಹೋಗಲಿ, ಮಕ್ಕಳು ಮತ್ತೆ ನೆಲಕ್ಕೇ ಬಂದ್ರಲ್ಲ."

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಅದು ಡೆಸ್ಕುಗಳ ಜೊತೆಗೇ ಬಂದ ಹೊಸ ಬೀಗ, ಡೆಸ್ಕು ಮಾಡಿದ ಬಡಗಿಯೇ ಕೂರಿಸಿಕೊಟ್ಟದ್ದು. ಅಂಥ ಬೀಗಕ್ಕೆ ಮೂರು ಕೀಲಿ ಇರುತ್ತವೆ; ಶಾಲೆಗೆ ಸಿಕ್ಕಿದ್ದು ಎರಡು. ಎದುರುಮನೆಯ ದರ್ಜಿ ಶನಿವಾರ ಸಂಜೆ ಲಾರಿ ನಿಂತದ್ದನ್ನು ನೋಡಿದ್ದ. ಪಾಲಿಶ್ ಹಾಕಿಸಲು ಒಯ್ಯುತ್ತಿದ್ದೇವೆ ಎಂದರಂತೆ, ಅವನೂ ಒಂದು ಕೈ ಹಿಡಿದು ಹತ್ತಿಸಿದ್ದನಂತೆ. ಹೇಳುವಾಗ ಪಾಪ, ಅವನ ಮುಖ ಚಿಕ್ಕದಾಯಿತು.

ನಿಮ್ಮ ಡೆಸ್ಕನ್ನು ಗುರುತು ಹಿಡಿಯುವುದು ಹೇಗೆ ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು. ಮುಖ್ಯೋಪಾಧ್ಯಾಯಿನಿ ಸ್ವಲ್ಪ ನಾಚಿಕೊಂಡೇ ಹೇಳಿದರು: ಕಿಟಕಿ ಪಕ್ಕದ ಜಾಗಕ್ಕೆ ಮಕ್ಕಳು ಕಿತ್ತಾಡುತ್ತಾರೆಂದು ಗುರುವಾರವೇ ಪ್ರತಿ ಡೆಸ್ಕಿನ ಅಡಿಗೆ ತರಗತಿ, ಹಾಜರಿ ಸಂಖ್ಯೆ ಬರೆದ ಚೀಟಿ ಅಂಟಿಸಿದ್ದರು. ಮೇಲೆ ಅಂಟಿಸಿದರೆ ಹೊಸ ಮರ ಹಾಳಾದೀತೆಂಬ ಸಂಕಟ.

ಅದೇ ಬಡಗಿಯಿಂದ ಡೆಸ್ಕು ಪಡೆಯಬೇಕಾದ ಶಾಲೆಗಳು ಇನ್ನೂ ಮೂರು ಇದ್ದವು. ಮಂಗಳವಾರ ಬೆಳಿಗ್ಗೆ 9.50ಕ್ಕೆ ದಫೇದಾರ್ ಎರಡನೆಯ ಶಾಲೆ ತಲುಪಿದಾಗ ಅಲ್ಲಿ ಡೆಸ್ಕುಗಳು ಸಾಲಾಗಿ ನಿಂತು ಫೋಟೊಗೆ ತಯಾರಾಗಿದ್ದವು. ತನ್ನ ದೊಡ್ಡ ಹೊಟ್ಟೆ ಸಮೇತ ಅವನು ನೆಲದ ಮೇಲೆ ಅಂಗಾತ ಮಲಗಿ ಡೆಸ್ಕಿನಡಿ ತೂರಿದ್ದನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು. ಅವನು ಒಳಗಿಂದಲೇ ಓದಿದ: ಮೂರನೇ ತರಗತಿ, ಹದಿನೇಳು.

2.30ಕ್ಕೆ ಇನ್‌ಸ್ಪೆಕ್ಟರಮ್ಮ ಬಡಗಿಯ ಕಾರ್ಖಾನೆಯಲ್ಲಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಹಿಂದೆ ಅವನ ಮಗಳು ಉಳಿ ಹಿಡಿದು ಕೂತಿದ್ದಳು, ಗೋಡೆಗುಂಟ ಕೊರೆದಿಟ್ಟ ಡೆಸ್ಕಿನ ಕಾಲುಗಳ ರಾಶಿ. ಮೂರನೆಯ ಕೀಲಿ ಮೊಳೆಯೊಂದಕ್ಕೆ ತೂಗುತ್ತಿತ್ತು, ಅದನ್ನು ಅಡಗಿಸುವ ಬುದ್ಧಿಯೂ ಅವನಿಗೆ ಬಂದಿರಲಿಲ್ಲ.

"ಎಷ್ಟು ಡೆಸ್ಕು ಮಾಡಿದ್ದೀರಿ ಮೇಸ್ತ್ರಿ?"

"ಮೂವತ್ತೆರಡು."

"ಎಷ್ಟು ಶಾಲೆಗೆ?"

"ನಾಲ್ಕು."

"ಉಳಿದ ಮರ?"

ರೈತರ ಯೋಜನೆಯಲ್ಲಿ ಇನ್ನೂರು ಜೇನುಪೆಟ್ಟಿಗೆಗಳ ಕೆಲಸವನ್ನೂ ಅದೇ ತಿಂಗಳು ಒಪ್ಪಿಕೊಂಡಿದ್ದ. ಅದಕ್ಕೆ ಬಂದ ಮರ ಹಸಿಯಾಗಿತ್ತು, ಸೀಳು ಬಿಟ್ಟಿತು. ಡೆಸ್ಕಿನ ಮರ ಪೆಟ್ಟಿಗೆಯಾಯಿತು. ಇಲಾಖೆಗೆ ಫೋಟೊ ಹೋಗದಿದ್ದರೆ ಶಾಲೆಗಳ ಕೆಲಸ ರದ್ದಾಗುತ್ತಿತ್ತು, ಅದಕ್ಕೇ ಅವೇ ಮೂವತ್ತೆರಡು ಡೆಸ್ಕುಗಳಿಗೆ ಶಾಲೆಯಿಂದ ಶಾಲೆಗೆ ಈ ಮೆರವಣಿಗೆ.

"ತೋಟದಲ್ಲಿ ಹೂ ಬಿಟ್ಟಾಗಿತ್ತು. ಜೇನು ಕಾಯಲ್ಲ," ಎಂದ ಅವನು. "ಮಕ್ಕಳಿಗೆ ನೆಲದ ಮೇಲೆ ಕೂತು ಅಭ್ಯಾಸ ಇದೆ, ಇನ್ನೊಂದು ಸ್ವಲ್ಪ ದಿನ ಕಾಯ್ತಾರೆ ಅಂದ್ಕೊಂಡೆ."

ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಏಳನೇ ತರಗತಿಯವರೆಗೆ ಅವರೂ ನೆಲದ ಮೇಲೇ ಕೂತು ಬರೆದವರು. "ಅಭ್ಯಾಸ ಇದೆ ಅಂತಾನೇ ಎಲ್ಲರೂ ಅವರನ್ನ ಕಾಯಿಸ್ತಾರೆ," ಎಂದಷ್ಟೇ ಹೇಳಿದರು.

ಅವನು ಮೊಳೆಯಿಂದ ಕೀಲಿ ತೆಗೆದು ಅವರ ಮುಂದಿಟ್ಟ. 3.45ಕ್ಕೆ ಬಂಧನವಾಯಿತು. ನಾಲ್ಕು ಶಾಲೆಗಳಿಗೆ ವಂಚನೆ ಮಾಡಿದ ಕಲಮೂ ಸೇರಿತು.

ಜಪ್ತಿಯಾದ ಮಾಲು ಠಾಣೆಯ ಗೋದಾಮಿಗೆ ಹೋಗಬೇಕು, ಹೋದದ್ದು ಕೇಸು ಮುಗಿಯುವವರೆಗೆ ಹೊರಗೆ ಬರುವುದಿಲ್ಲ. ಅಲ್ಲಿ ಹನ್ನೊಂದು ವರ್ಷದ ಹಿಂದಿನ ಸೈಕಲ್ಲುಗಳು ಇನ್ನೂ ಇವೆ. ಇನ್‌ಸ್ಪೆಕ್ಟರಮ್ಮ ಬುಧವಾರ ಆರೋಪಿಯ ಜೊತೆಗೇ ಅರ್ಜಿಯನ್ನೂ ನ್ಯಾಯಾಲಯಕ್ಕೆ ಒಯ್ದು, ಮುಖ್ಯೋಪಾಧ್ಯಾಯಿನಿಯ ಮುಚ್ಚಳಿಕೆಯ ಮೇಲೆ ಡೆಸ್ಕುಗಳು ಶಾಲೆಯಲ್ಲೇ ಇರಲೆಂದು ಆದೇಶ ಪಡೆದರು. ಗುರುವಾರ ಮೊದಲ ಗಂಟೆ ಹೊಡೆಯುವಷ್ಟರಲ್ಲಿ ಮೂರನೇ ತರಗತಿಯ ಹದಿನೇಳನೇ ನಂಬರಿನ ಹುಡುಗಿ ತನ್ನ ಜಾಗದಲ್ಲಿ ಕೂತಿದ್ದಳು. ಉಳಿದ ಮೂರು ಶಾಲೆಗಳ ಕೆಲಸ ರದ್ದಾಗದೆ ಮಗಳ ಹೆಸರಿಗೆ ಬಂತು, ಅವಳು ಅಂದೇ ಗರಗಸ ಎತ್ತಿಕೊಂಡಳು.

ಬಡಗಿಯ ಹೇಳಿಕೆಯಲ್ಲಿ ದುರಾಸೆಯ ಮಾತು ಎಲ್ಲೂ ಇಲ್ಲ. ನಲವತ್ತು ವರ್ಷದಲ್ಲಿ ಕೆಲಸ ತಂದ ಯಾರಿಗೂ ಅವನು ಆಗುವುದಿಲ್ಲ ಎಂದಿರಲಿಲ್ಲ. ಅದೇ ಅವನ ಹೆಮ್ಮೆ, ಅದೇ ಅವನನ್ನು ಇಲ್ಲಿಗೆ ತಂದಿತ್ತು. ಜಾಮೀನು ಸಿಕ್ಕ ದಿನ ಇನ್‌ಸ್ಪೆಕ್ಟರಮ್ಮ ನ್ಯಾಯಾಲಯದ ಮೆಟ್ಟಿಲ ಬಳಿ ಅವನನ್ನು ತಡೆದು, ಮಗಳ ಜೊತೆ ಕೂತರೆ ಉಳಿದ ತೊಂಬತ್ತಾರು ಡೆಸ್ಕುಗಳು ಹದಿನೈದು ದಿನದಲ್ಲಿ ಆಗುತ್ತವೆಯೇ ಎಂದು ಕೇಳಿದರು.

ಅವನು ಬೆರಳು ಮಡಿಚಿ ಲೆಕ್ಕ ಹಾಕಿದ. ಆಗುತ್ತೆ ಎನ್ನಲು ಬಾಯಿ ತೆರೆದವನು ಮತ್ತೊಮ್ಮೆ ಎಣಿಸಿದ.

"ಆಗಲ್ಲ ಮೇಡಂ," ಎಂದ. "ಎರಡು ತಿಂಗಳು ಬೇಕು."

ಇನ್‌ಸ್ಪೆಕ್ಟರಮ್ಮ ಅಲ್ಲೇ ನಿಂತು ಮೂರೂ ಶಾಲೆಗಳಿಗೆ ಫೋನ್ ಮಾಡಿ ಎರಡು ತಿಂಗಳಾಚೆಯ ತಾರೀಖು ಹೇಳಿದರು.